ತೂಕದ ಚೀಟಿಯಲ್ಲಿ ಹೆಸರು

ರಾತ್ರಿ ಹನ್ನೊಂದೂವರೆ. ಮುಧೋಳದಾಚೆ
ಸಕ್ಕರೆ ಕಾರ್ಖಾನೆಯ ಕಾಟಾದ ಮುಂದೆ
ನಲವತ್ತು ಟ್ರ್ಯಾಕ್ಟರು, ಎರಡೆರಡು ಟ್ರೇಲರು,
ಒಂದೊಂದರಲ್ಲೂ ಒಂದೊಂದು ಹಾಡು.
ಯಾವುದೂ ಪೂರ್ತಿ ಕೇಳಿಸುವುದಿಲ್ಲ.
ಕಾಕಂಬಿಯ ವಾಸನೆ ಕೀಬೋರ್ಡಿಗೂ ಅಂಟಿದೆ.

ಸತ್ಯಪ್ಪ ಮೆಟಗುಡ್ಡ ಚೀಟಿ ಹಿಡಿದು ಕಿಟಕಿಗೆ ಬಂದ.
"ತೂಕ ಬರೋಬ್ಬರಿ ಐತ್ರಿ ಅಕ್ಕಾರ,
ಹೆಸರು ನಂದಲ್ಲ."

ಚೀಟಿಯಲ್ಲಿ
ಸತ್‌ಯಪ್‌ಪ ಮೆಟಗುಡ್‌ಡ.
ಅಡಿಗೆ ಇಳಿಯಬೇಕಾದ ಒತ್ತುಗಳೆಲ್ಲ
ಸಾಲಿನಲ್ಲೇ ನಿಂತಿದ್ದವು,
ಮುಂದಿನವನ ಹೆಗಲಿಗೊಂದು ಕೊಕ್ಕೆ ಸಿಕ್ಕಿಸಿ,
ಮೊದಲ ದಿನದ ಕಬ್ಬಿನ ಗ್ಯಾಂಗಿನ ಹಾಗೆ,
ಯಾರ ಜೋಡಿ ಯಾರೆಂದು ತಿಳಿಯದೆ.

ಮಧ್ಯಾಹ್ನ ನಾನು ಮಾಡಿದ್ದು ಸಣ್ಣ ಕೆಲಸ:
ಹೊಸ ಕಾಟಾದ ಮಾತು ತಿಳಿಯಲೆಂದು
ಒಂದು ಲೈಬ್ರರಿ ತಂದೆ.
ಅದು ಒಂಟಿಯಾಗಿ ಬರಲಿಲ್ಲ.
ಒಳಗೆ ಮೊದಲೇ ಇದ್ದ ಇನ್ನೊಂದನ್ನು
ಎಬ್ಬಿಸಿ, ಹಳೆಯ ಆವೃತ್ತಿಯನ್ನು ಕೂರಿಸಿತು,
ಸದ್ದಿಲ್ಲದೆ. ನಾನು ಆಗ ಚಹಾ ಕುಡಿಯುತ್ತಿದ್ದೆ.

"ಲೈಬ್ರರಿ ಅಂದ್ರ ಪುಸ್ತಕ ಇಡೋದಲ್ಲೇನವ್ವ?"
ಇಪ್ಪತ್ತೆರಡು ಹಂಗಾಮು ಕಾಟಾ ನೋಡಿದ ಇಮಾಮಸಾಬ ಕೇಳಿದ.

ಅಲ್ಲ ಕಾಕಾ. ಯಾರೋ ಮಾಡಿಟ್ಟ ಕೆಲಸ, ನಾವು ಕಡ ತಂದದ್ದು.
ತೂಕ ಓದುವವನೊಬ್ಬ, ಹೆಸರು ಬರೆಯುವವಳೊಬ್ಬಳು.
ಇಬ್ಬರಿಗೂ ಬೇಕು ಒಬ್ಬನೇ ಸೋದರಮಾವ.
ಅವನಿಗೆ, ಮೀಸೆ ಚಿಗುರುವ ಮೊದಲಿನ ಮಾವ.
ಇವಳಿಗೆ, ಮೀಸೆ ನರೆತ ಮಾವ.
ಹಂದರದೊಳಗೆ ಒಬ್ಬ ಮನುಷ್ಯ
ಎರಡು ವಯಸ್ಸಿನಲ್ಲಿ ಕೂತಾನು ಹೇಗೆ?

"ಹಂಗಾರ ನಡುವಯಸ್ಸಿನವನ್ನ ಕರಸು."
ಅವನು ಹೇಳಿದ್ದು ಚೇಷ್ಟೆಗೆ.

ಕರೆಸಿದೆ. ಒಬ್ಬೊಬ್ಬರನ್ನಾಗಿ.
ಪರೀಕ್ಷೆಗೆ ಇಮಾಮಸಾಬನೇ ಕಾಟಾದ ಮೇಲೆ ನಿಂತ,
ಟೋಪಿ ತೆಗೆದು, ಮತ್ತೆ ಹಾಕಿಕೊಂಡು.
ಮೂರು ಬಿಂದು ಎರಡು: ಅವನ ತೂಕ ಸೊನ್ನೆ.
"ಇಷ್ಟು ವರ್ಷ ತಿಂದ ರೊಟ್ಟಿ ಎಲ್ಲಿ ಹೋದುವವ್ವ?"
ಮೂರು ಬಿಂದು ಒಂದು: ಆರು ಸಾವಿರ ಕಿಲೋ.
ಸಾಲಿನಲ್ಲಿ ಯಾರೋ ಸೀಟಿ ಹೊಡೆದರು.
ಮೂರು: ತೂಕ ಸರಿ, ಮೆಟಗು ಎಂಬಲ್ಲಿಗೆ
ಹೆಸರು ದಣಿದು ಕೂತುಬಿಟ್ಟಿತು.

ಹಿಂದೆ ಸರಿಯುತ್ತ ಸರಿಯುತ್ತ
ಎರಡು ಬಿಂದು ಒಂಬತ್ತು ಬಿಂದು ಏಳು.
ಮುಂದಿನದು ಹೊರಟಾದ ಮೇಲೂ
ಹಿಂದೆ ಉಳಿದವರಿಗಾಗಿ
ಯಾರೋ ಕೂತು ತಿದ್ದಿ ಇಟ್ಟು ಹೋದದ್ದು.
ಯಾವ ಊರಿನವರೋ, ಯಾವ ರಾತ್ರಿಯೋ.
ಇಮಾಮಸಾಬ: ಅರವತ್ತು ಕಿಲೋ.
(ಈ ಕಾಟಾಕ್ಕೆ ಇಪ್ಪತ್ತಕ್ಕಿಂತ ಚಿಲ್ಲರೆ ಎಣಿಸಲು ಬರುವುದಿಲ್ಲ.)
ಸತ್ಯಪ್ಪ ಮೆಟಗುಡ್ಡ: ಸತ್ಯಪ್ಪ ಮೆಟಗುಡ್ಡ.
ಅವನು ಚೀಟಿಯನ್ನು ಲೈಟಿಗೆ ಹಿಡಿದು
ನೋಟು ನೋಡಿದ ಹಾಗೆ ನೋಡಿದ.

ಅಂಕಿಗೆ ಮೊಳೆ ಹೊಡೆದೆ. ಪಕ್ಕದಲ್ಲಿ ಬರೆದೆ:
ಇದನ್ನು ಏರಿಸಬೇಡಿ, ಇಳಿಸಬೇಡಿ.
ಕಾರಣ ತಿಳಿಯಬೇಕಿದ್ದರೆ
ಹಂಗಾಮಿನಲ್ಲಿ ಒಂದು ರಾತ್ರಿ ಇಲ್ಲಿ ಕೂತು ನೋಡಿ.

ಹದಿನೇಳನೆಯ ಟ್ರ್ಯಾಕ್ಟರು ದುರ್ಗವ್ವ ಕಿಲ್ಲೇದಾರಳದು.
ಯಂತ್ರ ಬರೆಯಿತು: ದುರ್‌ಗವ್ವ.
ಒತ್ತು ಕಲಿತ ಮಾವನಿಗೆ ಅರ್ಕಾವತ್ತು ಬಾರದು.

ಪರದೆ ನೋಡಿದೆ. ಹಿಂದೆ ಇಪ್ಪತ್ಮೂರು ಗಾಡಿ,
ಒಣಗುತ್ತಿರುವ ಕಬ್ಬು.
ಇಮಾಮಸಾಬ ಕಿವಿಯ ಮೇಲಿನ ಬಾಲ್‌ಪೆನ್ನು ತೆಗೆದ,
ಛಾಪಿಸಿದ್ದನ್ನು ಒಂದೇ ಗೆರೆಯಲ್ಲಿ ಹೊಡೆದು
ಮೇಲೆ ನಿಧಾನ ಬರೆದ: ದು, ಗ.
ನಾಲಿಗೆ ಮೊದಲೇ ನುಡಿದುಬಿಟ್ಟ ರಕಾರವನ್ನು
ಗಕಾರ ಮುಗಿದ ಮೇಲೆ ಬಲಕ್ಕೆ ತಂದು
ಕುಡುಗೋಲಿನ ಹಾಗೆ ಒರಗಿಸಿಟ್ಟ.
ಆಮೇಲೆ ವ್ವ.

"ಇಂಥಾವು ಎಷ್ಟು ಅದಾವ ನೋಡವ್ವ," ಅಂದ,
"ಬೆಳಗಾಗೂತನ ನಾ ಬರಿತೀನಿ."